ಫ್ರೀಬಿಎಸ್‌ಡಿ 13ರಿಂದ 14ಕ್ಕೆ: ವಾಪಸ್ ಬರುವ ದಾರಿ ಮೊದಲು ನೋಡಿಕೊಳ್ಳಿ

ಫ್ರೀಬಿಎಸ್‌ಡಿ ಎನ್ನುವ ಆಪರೇಟಿಂಗ್ ಸಿಸ್ಟಮ್‌ನ 13ನೇ ಆವೃತ್ತಿಯ ಸರ್ವರ್ ಇಟ್ಟುಕೊಂಡವರಿಗೆ ಈ ಬರಹ. 13.0 ಬಿಡುಗಡೆಯಾದದ್ದು 2021ರ ಏಪ್ರಿಲ್‌ನಲ್ಲಿ. ಆ ಸಾಲಿಗೆ ಬೆಂಬಲದ ಕೊನೆಯ ದಿನ 2026ರ ಏಪ್ರಿಲ್ 30, ಆಮೇಲೆ ಸೆಕ್ಯೂರಿಟಿ ಪ್ಯಾಚ್ ಬರುವುದಿಲ್ಲ. ಹಾಗಾಗಿ ಮುಂದಕ್ಕೆ ಹೋಗಲೇಬೇಕು. ಹೋಗುವುದು ಕಷ್ಟವಲ್ಲ. ಆದರೆ ತುಂಬಾ ಜನ ಎಲ್ಲಿಂದಲೋ ಕಮಾಂಡುಗಳನ್ನು ಎತ್ತಿಕೊಂಡು ಸಾಲಾಗಿ ಹೊಡೆಯುತ್ತಾ ಹೋಗುತ್ತಾರೆ, ಯಾವುದು ಯಾಕೆ ಮೊದಲು ಅಂತ ಕೇಳಿಕೊಳ್ಳುವುದಿಲ್ಲ. ಮಧ್ಯದಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಆಗ ಕೈಕಾಲೇ ಆಡುವುದಿಲ್ಲ.

ನಾನು ಯಾವ ಸರ್ವರ್ ಮುಟ್ಟುವ ಮುಂಚೆಯೂ ಮೊದಲು ನೋಡುವುದು ಡಿಸ್ಕ್ ಝಡ್‌ಎಫ್‌ಎಸ್ ಎನ್ನುವ ಫೈಲ್ ವ್ಯವಸ್ಥೆಯಲ್ಲಿದೆಯಾ ಅಂತ. ಇದ್ದರೆ ಬೂಟ್ ಎನ್ವಿರಾನ್‌ಮೆಂಟ್ ಸಿಗುತ್ತದೆ. ಅಂದರೆ ಸಿಸ್ಟಮ್ ಈಗ ಹೇಗಿದೆಯೋ ಹಾಗೇ ಹಿಡಿದಿಟ್ಟ ಒಂದು ಪ್ರತಿ. ಬಿಇಸಿಟಿಎಲ್ ಎನ್ನುವ ಕಮಾಂಡು ಅದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ಶುರುವಿನಲ್ಲಿ ಜಾಗವನ್ನೂ ಹೆಚ್ಚು ತಿನ್ನುವುದಿಲ್ಲ. ಹೊಸ ಬಿಡುಗಡೆ ಕೈಕೊಟ್ಟರೆ ಬೂಟ್ ಮೆನುವಿನಲ್ಲೇ ಹಳೆಯದನ್ನು ಆರಿಸಿಕೊಂಡು ಎದ್ದು ಬರಬಹುದು. ಈಗಿನ ಅಪ್‌ಡೇಟ್ ಟೂಲ್ (ಫ್ರೀಬಿಎಸ್‌ಡಿ-ಅಪ್‌ಡೇಟ್) ಇಂಥದ್ದೊಂದನ್ನು ತಾನೇ ಮಾಡಿಡುತ್ತದೆ, ಆದರೂ ನೀವೇ ಗುರುತು ಹಿಡಿಯುವಂಥ ಹೆಸರು ಕೊಟ್ಟು ಒಂದು ಮಾಡಿ. ಇನ್ನೊಂದು ಫೈಲ್ ವ್ಯವಸ್ಥೆಯಾದ ಯುಎಫ್‌ಎಸ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಪೂರ್ತಿ ಬ್ಯಾಕಪ್ ಬೇಕು, ವರ್ಚುವಲ್ ಮಷೀನ್ ಆದರೆ ಸ್ನ್ಯಾಪ್‌ಶಾಟ್ ಆದರೂ ಬೇಕು. ಇನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಡಿಸ್ಕ್ ಭಾಗ ಮಾಡುವ ಹಂತದಲ್ಲಿ ಆಟೋ ಝಡ್‌ಎಫ್‌ಎಸ್ ಆರಿಸಿದರೆ ಮುಂದಿನ ಎಷ್ಟೋ ಅಪ್‌ಗ್ರೇಡ್‌ಗಳು ಹಗುರವಾಗುತ್ತವೆ.

ಒಂದು ವಿಷಯವನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಇನ್‌ಸ್ಟಾಲರ್ ತಾನಾಗಿ ಮಾಡಿಕೊಡುವ ಝಡ್‌ಎಫ್‌ಎಸ್ ಜೋಡಣೆಯಲ್ಲಿ ಲಾಗ್, ಮೇಲ್, ಹೋಮ್ ಇವೆಲ್ಲ ಬೂಟ್ ಎನ್ವಿರಾನ್‌ಮೆಂಟ್‌ನ ಹೊರಗಿರುವ ಬೇರೆ ಬೇರೆ ಡೇಟಾಸೆಟ್‌ಗಳು (ಝಡ್‌ಎಫ್‌ಎಸ್ ಪ್ರತ್ಯೇಕವಾಗಿ ನೋಡಿಕೊಳ್ಳುವ ಭಾಗಗಳು), ಆದರೆ ವಾರ್ ಒಳಗಿನ ಡಿಬಿ ಫೋಲ್ಡರ್ ಮಾತ್ರ ಬೂಟ್ ಎನ್ವಿರಾನ್‌ಮೆಂಟ್ ಒಳಗೇ ಇರುತ್ತದೆ. ಪ್ಯಾಕೇಜುಗಳ ಪಟ್ಟಿ ಅಲ್ಲಿರುವುದರಿಂದ ಅದು ಸರಿಯೇ. ಆದರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಡೇಟಾಬೇಸ್‌ಗಳ ಡೇಟಾ ಕೂಡ ಸುಮ್ನೆ ಬಿಟ್ಟರೆ ಅಲ್ಲೇ ಬಂದು ಕೂರುತ್ತದೆ. ಸೋಮವಾರ ಅಪ್‌ಗ್ರೇಡ್ ಮಾಡಿ ಬುಧವಾರ ಹಳೆಯದಕ್ಕೆ ವಾಪಸ್ ಹೋದಿರಿ ಅನ್ನಿ, ಆ ಎರಡು ದಿನ ಗ್ರಾಹಕರು ಹಾಕಿದ ಆರ್ಡರುಗಳು ಹಳೆಯ ಎನ್ವಿರಾನ್‌ಮೆಂಟ್‌ನಲ್ಲಿ ಕಾಣಿಸುವುದಿಲ್ಲ. ಡೇಟಾಬೇಸ್‌ಗೆ ಮೊದಲೇ ಪ್ರತ್ಯೇಕ ಡೇಟಾಸೆಟ್ ಮಾಡಿಡಿ, ಅದರ ಡಂಪ್ (ಫೈಲಿಗೆ ಬರೆದಿಟ್ಟ ಪ್ರತಿ) ಕೂಡ ತೆಗೆದಿಡಿ.

ಈಗ ಅಪ್‌ಗ್ರೇಡ್. ಮೊದಲು ಇರುವ 13ನ್ನೇ ಅದರ ಕೊನೆಯ ಪ್ಯಾಚ್‌ವರೆಗೆ ತನ್ನಿ, ಯಾಕೆಂದರೆ ಅಪ್‌ಗ್ರೇಡ್ ಮಾಡುವ ಟೂಲ್‌ಗೂ ಆ ಪ್ಯಾಚ್‌ಗಳಲ್ಲಿ ತಿದ್ದುಪಡಿ ಬಂದಿರುತ್ತದೆ. ದೂರದ ಸರ್ವರ್ ಆದರೆ ಟಿಮಕ್ಸ್ ಎನ್ನುವ ಪ್ರೋಗ್ರಾಂ ಒಳಗೆ ಕೂತು ಕೆಲಸ ಮಾಡಿ, ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮಾಮೂಲಿ ಲಾಗಿನ್ ಕೆಟ್ಟರೂ ಸರ್ವರ್ ತಲುಪಲು ಕನ್ಸೋಲ್ ಒಂದು ಕೈಯಲ್ಲಿರಲಿ, ಸರ್ವರ್ ಹಾರ್ಡ್‌ವೇರ್‌ನಲ್ಲೇ ಇರುವ ಐಪಿಎಂಐ ಆಗಲಿ, ಕ್ಲೌಡ್‌ನವರು ಕೊಡುವ ಬ್ರೌಸರ್ ಕನ್ಸೋಲ್ ಆಗಲಿ. ಅದು ಕೆಲಸ ಮಾಡುತ್ತದಾ ಅಂತ ಮುಂಚೆಯೇ ಲಾಗಿನ್ ಆಗಿ ನೋಡಿ.

ಆಮೇಲೆ 14ರ ಇತ್ತೀಚಿನ ಬಿಡುಗಡೆಯ ಹೆಸರು ಕೊಟ್ಟು ಫ್ರೀಬಿಎಸ್‌ಡಿ-ಅಪ್‌ಡೇಟ್‌ಗೆ ಅಪ್‌ಗ್ರೇಡ್ ಅಂತ ಹೇಳುತ್ತೀರಿ. ಫೈಲುಗಳು ಇಳಿದ ಮೇಲೆ ಅದು ಇಟಿಸಿ ಫೋಲ್ಡರಿನ ಸೆಟ್ಟಿಂಗ್ ಫೈಲುಗಳನ್ನು ಒಂದೊಂದಾಗಿ ತೋರಿಸುತ್ತದೆ. ನೀವು ಬದಲಿಸಿದ ಸಾಲಿಗೂ ಹೊಸ ಬಿಡುಗಡೆಯ ಸಾಲಿಗೂ ತಾಳೆಯಾಗದಿದ್ದರೆ ಎರಡನ್ನೂ ಬಾಣದ ಗುರುತುಗಳ ಮಧ್ಯೆ ಹಾಕಿ ಎಡಿಟರ್ ತೆರೆಯುತ್ತದೆ. ಇಲ್ಲಿ ಬೇಸರ ಮಾಡಿಕೊಳ್ಳಬೇಡಿ. ಆ ಗುರುತುಗಳನ್ನು ಅಳಿಸದೆ ಸೇವ್ ಮಾಡಿ ಹೊರಟರೆ, ಫೈಲು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಹೆಚ್‌ನದ್ದಾಗಿದ್ದರೆ, ರೀಬೂಟ್ ಆದ ಮೇಲೆ ಎಸ್‌ಎಸ್‌ಹೆಚ್ ಏಳುವುದೇ ಇಲ್ಲ, ಸರ್ವರ್ ಓಡುತ್ತಿರುತ್ತದೆ, ನೀವು ಹೊರಗಿರುತ್ತೀರಿ. ಪಾಸ್‌ವರ್ಡ್ ಫೈಲು ಬಂದಾಗ ನಿಮ್ಮ ಬಳಕೆದಾರರ ಸಾಲುಗಳೆಲ್ಲ ಉಳಿದಿವೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ವೈ ಒತ್ತಿ.

ಮುಂದೆ ಇನ್‌ಸ್ಟಾಲ್ ಅನ್ನುವ ಒಂದೇ ಕಮಾಂಡನ್ನು ಮೂರು ಸಲ ಕೊಡಬೇಕು. ಯಾಕೆ ಮೂರು? ಮೊದಲನೇ ಸಲ ಕರ್ನಲ್ (ಸಿಸ್ಟಮ್‌ನ ತಿರುಳು) ಮಾತ್ರ ಬದಲಾಗುತ್ತದೆ, ಆಮೇಲೆ ರೀಬೂಟ್. ಹೊಸ ಕರ್ನಲ್ ಹಳೆಯ ಪ್ರೋಗ್ರಾಂಗಳನ್ನು ಓಡಿಸಬಲ್ಲದು. ಹಳೆಯ ಕರ್ನಲ್‌ಗೆ ಹೊಸ ಪ್ರೋಗ್ರಾಂಗಳು ಕೇಳುವ ಸಿಸ್ಟಮ್ ಕಾಲ್‌ಗಳು (ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳು) ಗೊತ್ತೇ ಇಲ್ಲದಿರಬಹುದು. ಕ್ರಮ ತಪ್ಪಿದರೆ ಎಲ್‌ಎಸ್‌ನಂಥ ಸಣ್ಣ ಕಮಾಂಡೂ ಓಡದೆ ಹೋಗಬಹುದು. ಎರಡನೇ ಸಲಕ್ಕೆ ಉಳಿದ ಸಿಸ್ಟಮ್ ಬದಲಾಗುತ್ತದೆ, ಆದರೆ ಹಳೆಯ ಲೈಬ್ರರಿಗಳು ಇನ್ನೂ ಇರುತ್ತವೆ, ನಿಮ್ಮ ಎನ್‌ಜಿನ್‌ಎಕ್ಸ್, ಪಿಹೆಚ್‌ಪಿ ಎಲ್ಲ ಅವನ್ನೇ ನೆಚ್ಚಿಕೊಂಡಿರುತ್ತವೆ. 14ರಲ್ಲಿ ಎನ್‌ಕ್ರಿಪ್ಶನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬಂದಿದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಈ ಹಂತದಲ್ಲಿ ಎಲ್ಲ ಪ್ಯಾಕೇಜುಗಳನ್ನೂ ಒತ್ತಾಯದಿಂದ ಮತ್ತೆ ಹಾಕಿ. ಪ್ಯಾಕೇಜು ಹಾಕುವ ಪಿಕೆಜಿ ಕಮಾಂಡು ತಾನೇ ಲೈಬ್ರರಿ ಸಿಗದೆ ನಿಂತರೆ ಪಿಕೆಜಿ-ಸ್ಟ್ಯಾಟಿಕ್ ಇದೆ, ಅದಕ್ಕೆ ಹೊರಗಿನ ಲೈಬ್ರರಿಯ ಹಂಗಿಲ್ಲ. ಪ್ಯಾಕೇಜು ಮುಗಿದ ಮೇಲೆಯೇ ಮೂರನೇ ಇನ್‌ಸ್ಟಾಲ್, ಅದು ಹಳೆಯ ಲೈಬ್ರರಿಗಳನ್ನು ತೆಗೆದುಹಾಕುತ್ತದೆ. ಅವಸರಪಟ್ಟು ಮೂರನ್ನೂ ಒಟ್ಟಿಗೆ ಮುಗಿಸಿದರೆ ಸರ್ವೀಸುಗಳು ಒಂದೊಂದಾಗಿ ಬೀಳುತ್ತವೆ.

ಡೆಸ್ಕ್‌ಟಾಪ್ ಆದರೆ ಮೊದಲ ರೀಬೂಟ್‌ಗೆ ಮುಂಚೆ ಆರ್‌ಸಿ ಕಾನ್ಫ್ ಎನ್ನುವ ಸೆಟ್ಟಿಂಗ್ ಫೈಲಿನಲ್ಲಿ ಗ್ರಾಫಿಕ್ಸ್ ಮಾಡ್ಯೂಲಿನ ಸಾಲನ್ನು ಕಾಮೆಂಟ್ ಮಾಡಿ, ಅಂದರೆ ಮುಂದೆ # ಹಾಕಿ ಕೆಲಸ ಮಾಡದ ಹಾಗೆ ಮಾಡಿ. ಅದು 13ರ ಕರ್ನಲ್‌ಗೆ ಕಟ್ಟಿದ್ದು, 14ರ ಮೇಲೆ ಹತ್ತಿಸಿದರೆ ಪ್ಯಾನಿಕ್ ಆಗಿ ಸಿಸ್ಟಮ್ ನಿಂತುಹೋಗಬಹುದು. ಸರ್ವರ್‌ನವರಿಗೆ ಇನ್ನೊಂದು ಮಾತು: 14ರಲ್ಲಿ ಮೇಲ್ ಕಳಿಸಲು ಸೆಂಡ್‌ಮೇಲ್ ಬದಲು ಡಿಎಂಎ ಡೀಫಾಲ್ಟ್ ಆಗಿದೆ. ರಾತ್ರಿಯ ರಿಪೋರ್ಟು ಮೇಲ್‌ನಲ್ಲಿ ಬರುತ್ತಿತ್ತಾ? ಈಗಲೂ ಬರುತ್ತಿದೆಯಾ ನೋಡಿ.

ಕೊನೆಗೆ ಬೂಟ್‌ಲೋಡರ್, ಅಂದರೆ ಕರ್ನಲ್ ಎಬ್ಬಿಸುವ ಪ್ರೋಗ್ರಾಂ. ಬೂಟ್‌ಗೆಂದೇ ಇರುವ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಲೋಡರ್ ಫೈಲನ್ನು ಅಪ್‌ಡೇಟ್ ಟೂಲ್ ಮುಟ್ಟುವುದಿಲ್ಲ, ಹೊಸದನ್ನು ನೀವೇ ಕಾಪಿ ಮಾಡಬೇಕು. ಹಳೆಯ ಬಯಾಸ್ ಬೂಟ್ ಆದರೆ ಜಿಪಾರ್ಟ್ ಕಮಾಂಡಿನಿಂದ ಬೂಟ್‌ಕೋಡ್ ಬರೆಯಬೇಕು. ಝಡ್‌ಪೂಲ್ ಸ್ಟೇಟಸ್ ನೋಡಿದಾಗ ಪೂಲ್‌ಗೆ (ಝಡ್‌ಎಫ್‌ಎಸ್‌ನ ಡಿಸ್ಕ್ ಗುಂಪಿಗೆ) ಹೊಸ ಫೀಚರುಗಳಿವೆ, ಅಪ್‌ಗ್ರೇಡ್ ಮಾಡಿ ಅಂತ ಕಾಣಿಸುತ್ತದೆ. ಆಸೆಪಟ್ಟು ತಕ್ಷಣ ಮಾಡಬೇಡಿ. ಮಾಡಿದ ಮೇಲೆ ಹಳೆಯ ಲೋಡರ್ ಆ ಪೂಲ್ ಓದಲಾರದೆ ಹೋಗಬಹುದು, 13ರ ಕರ್ನಲ್ಲೂ ಅಷ್ಟೇ, ಅಲ್ಲಿಗೆ ನೀವು ಜೋಪಾನವಾಗಿ ಇಟ್ಟ ಬೂಟ್ ಎನ್ವಿರಾನ್‌ಮೆಂಟ್ ಇದ್ದೂ ಇಲ್ಲದ ಹಾಗೆ. ಬ್ಯಾಕಪ್, ಕ್ರಾನ್ (ಹೊತ್ತಿಗೆ ತಾನಾಗಿ ಓಡುವ ಕೆಲಸಗಳು), ತಿಂಗಳ ಕೊನೆಯ ಬಿಲ್ಲಿಂಗ್ ಎಲ್ಲ ಒಂದು ಸುತ್ತು 14ರ ಮೇಲೆ ಸರಿಯಾಗಿ ಓಡಲಿ, ಲೋಡರ್ ಹೊಸದಾಗಿದೆ ಅಂತ ಖಾತ್ರಿಯಾಗಲಿ, ಆಮೇಲೆ ಪೂಲ್ ಅಪ್‌ಗ್ರೇಡ್ ಮಾಡಿ.