ಫಸ್ಟ್ ಕಾಪಿ ಬೆಲ್ಟು ಅಸಲಿ ಫ್ಯಾಕ್ಟರಿಯದ್ದಾ?

ಪ್ರಶ್ನೆ: ಹುಬ್ಬಳ್ಳಿ ಪೇಟೆಯಲ್ಲಿ 700 ರೂಪಾಯಿಗೆ ಗುಚ್ಚಿ ಬೆಲ್ಟ್ ಸಿಕ್ಕಿದೆ. ಅಂಗಡಿಯವರು ‘ಫಸ್ಟ್ ಕಾಪಿ ಐತ್ರಿ, ಅದ ಫ್ಯಾಕ್ಟರಿ ಮಾಲ್’ ಅಂದರು. ಅಣ್ಣನ ಮದುವೆಗೆ ಹಾಕಬಹುದಾ?

ಹಾಕಿಕೊಳ್ಳಿ, ಪ್ಯಾಂಟ್ ಜಾರದಿದ್ದರೆ ಸಾಕು. ಆದರೆ ಆ ‘ಅದ ಫ್ಯಾಕ್ಟರಿ’ ಮಾತಿದೆಯಲ್ಲ, ಅಂದರೆ ಫಸ್ಟ್ ಕಾಪಿ ಅನ್ನುವ ಈ ಒಳ್ಳೇ ನಕಲೂ ಅಸಲಿ ಕಾರ್ಖಾನೆಯಿಂದಲೇ ಬರುತ್ತದೆ ಅನ್ನೋದು, ಅದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮದುವೆ ಸೀಸನ್ ಬಂದಾಗ ಮತ್ತೆ ಎದ್ದು ಕೂರುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಸುಳ್ಳು.

ಈ ನಂಬಿಕೆ ಹುಟ್ಟಿದ್ದು ಎಲ್ಲಿ ಅಂತ ಗೊತ್ತು. ಬೆಂಗಳೂರು, ತಿರುಪ್ಪೂರಿನ ಗಾರ್ಮೆಂಟ್ಸ್‌ನಲ್ಲಿ ಹೊರದೇಶದ ಕಂಪನಿಗಳಿಗೆ ಅಂಗಿ ಹೊಲಿಯುತ್ತಾರೆ. ಹೆಚ್ಚಾಗಿ ಉಳಿದದ್ದು, ಹೊಲಿಗೆ ತಪ್ಪಿದ್ದು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಆಗಿ ಪೇಟೆಗೆ ಬರುತ್ತದೆ. ಅದು ನಿಜ. ಅದೇ ಲೆಕ್ಕವನ್ನು ಜನ ಗುಚ್ಚಿಗೂ ಹಚ್ಚಿದ್ದಾರೆ. ಗುಚ್ಚಿ ಇಟಲಿಯ ದುಬಾರಿ ಬ್ರ್ಯಾಂಡ್, ಅದರ ಚರ್ಮದ ಸಾಮಾನು ತಯಾರಾಗುವುದು ಅಲ್ಲೇ. ಫ್ರಾನ್ಸಿನ ಬ್ಯಾಗ್ ಬ್ರ್ಯಾಂಡ್ ಲೂಯಿ ವಿಟಾನ್ ಅಂತೂ ಡಿಸ್ಕೌಂಟ್ ಸೇಲ್ ಕೂಡ ಹಾಕುವುದಿಲ್ಲ. ಉಳಿದ ಮಾಲನ್ನು ಅಗ್ಗಕ್ಕೆ ಬಿಡುವ ಬದಲು ಸುಟ್ಟವರೂ ಇದ್ದಾರೆ. ಇಂಗ್ಲೆಂಡಿನ ಬರ್ಬೆರಿ ಕಂಪನಿ 2017-18ರ ಒಂದೇ ವರ್ಷ 2.86 ಕೋಟಿ ಪೌಂಡ್ ಬೆಲೆಯ ಬಟ್ಟೆ, ಸೆಂಟು ನಾಶ ಮಾಡಿತು. ಗಲಾಟೆಯಾದ ಮೇಲೆ 2018ರಲ್ಲಿ ನಿಲ್ಲಿಸಿತು. ಇಂಥ ಧಂದೆಯವರು ನಮಗೆ 700ಕ್ಕೆ ಕಳಿಸುತ್ತಾರಾ?

‘ಚೀನಾದವರ ವಿಡಿಯೋ ನೋಡಿಲ್ವಾ?’ ಅಂತ ಕೇಳುತ್ತೀರಿ. ನೋಡಿದ್ದೇನೆ. 2025ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಂಕದ ಜಗಳದ ಹೊತ್ತಲ್ಲಿ, ‘ಬ್ರ್ಯಾಂಡ್ ಬ್ಯಾಗೆಲ್ಲ ನಾವೇ ಮಾಡೋದು’ ಅಂದವರು ಬ್ಯಾಗ್ ಮಾರುವವರೇ! ಫ್ರಾನ್ಸಿನ ಡಿಯೋರ್ ಬ್ರ್ಯಾಂಡ್ ಕಥೆ ಬೇರೆ. 2024ರಲ್ಲಿ ಮಿಲಾನ್ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ ಇದು: 2,600 ಯೂರೋ ಬ್ಯಾಗಿಗೆ, ಚರ್ಮದ ಖರ್ಚು ಬಿಟ್ಟು, ಅದನ್ನು ಮಾಡಿಕೊಟ್ಟ ಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೋ. ಅಸಲಿ ಮಾಲಿಗೂ ಮಜೂರಿ ಕಡಿಮೆ ಅಂತ ಇದರಿಂದ ಗೊತ್ತಾಗುತ್ತದೆ. ನಿಮ್ಮ ಬೆಲ್ಟು ಅಸಲಿ ಅಂತ ಅಲ್ಲ.

ತಂದು ಇನ್‌ಸ್ಟಾದಲ್ಲಿ ಮಾರುವ ಆಲೋಚನೆ ಇದ್ದರೆ ಬಿಡಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ ಇದೆ.

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತರೆ ಗುಚ್ಚಿ ಸೊಂಟಗಳು ಹಾದುಹೋಗುತ್ತಲೇ ಇರುತ್ತವೆ. ಇಷ್ಟು ದೊಡ್ಡ ಲೋಗೋ ಮೈಮೇಲೆ ಏರಿದ್ದು ಹೇಗೆ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ. ಪ್ರಯಾಣದ ಪೆಟ್ಟಿಗೆ ಮಾಡುತ್ತಿದ್ದ ಲೂಯಿ ವಿಟಾನ್ ಕಂಪನಿ 1896ರಲ್ಲಿ ಎಲ್‌ವಿ ಅಕ್ಷರದ ಕ್ಯಾನ್ವಾಸ್ ತಂದದ್ದೇ ನಕಲು ತಡೆಯಲು. ಅಂಥ ಗುರುತುಗಳನ್ನು ಪೆಟ್ಟಿಗೆಯಿಂದ ಜಾಕೆಟ್ಟಿಗೆ ತಂದವರಲ್ಲಿ ದೊಡ್ಡ ಹೆಸರು ನ್ಯೂಯಾರ್ಕಿನ ಉಡುಪು ವಿನ್ಯಾಸಕ ಡ್ಯಾಪರ್ ಡ್ಯಾನ್. 1982ರಲ್ಲಿ ಅಲ್ಲಿನ ಹಾರ್ಲೆಮ್ ಬಡಾವಣೆಯಲ್ಲಿ ಅಂಗಡಿ ತೆರೆದರು. ಗುಚ್ಚಿ, ಫೆಂಡಿ ಗುರುತನ್ನು ಚರ್ಮದ ಮೇಲೆ ತಾವೇ ಅಚ್ಚು ಹಾಕಿ ರ‍್ಯಾಪರ್‌ಗಳಿಗೆ, ಬಾಕ್ಸರ್‌ಗಳಿಗೆ ಹೊಲಿಸಿಕೊಟ್ಟರು. ಬ್ರ್ಯಾಂಡ್‌ನವರ ಕೇಸು, ದಾಳಿ ಆಗಿ 1992ರಲ್ಲಿ ಅಂಗಡಿ ಮುಚ್ಚಿತು. 2017ರಲ್ಲಿ ಗುಚ್ಚಿಯೇ ಅವರ ಹಳೇ ಜಾಕೆಟ್ಟಿನ ಹಾಗೇ ಇರುವ ಜಾಕೆಟ್ ತಂದಿತು. ಜನ ಚೆನ್ನಾಗಿ ಬೈದರು. ಮರುವರ್ಷ ಗುಚ್ಚಿ ತಾನೇ ಬಟ್ಟೆ, ಚರ್ಮ ಕೊಟ್ಟು ಹಾರ್ಲೆಮ್‌ನಲ್ಲಿ ಅವರಿಗೊಂದು ಹೊಲಿಗೆ ಅಂಗಡಿ ಹಾಕಿಕೊಟ್ಟಿತು.