ಅಂಗೈಯ ಬಿಸಿ ಯಾವುದಕ್ಕೆ ಸಾಕ್ಷಿ?

ಎರಡೂ ಅಂಗೈಗಳನ್ನು ಒಂದಿಷ್ಟು ಉಜ್ಜಿ, ಎದೆಯ ಮುಂದೆ ಒಂದು ಗೇಣು ಅಂತರದಲ್ಲಿ ಎದುರುಬದುರಾಗಿ ಹಿಡಿಯಿರಿ. ಭುಜ ಸಡಿಲ ಬಿಡಿ, ಕಣ್ಣು ಮುಚ್ಚಿ. ಉಸಿರು ತಾನಾಗಿ ನಿಧಾನವಾಗಲಿ. ಈಗ ಕೈಗಳನ್ನು ತುಸುವೇ ಹತ್ತಿರ ತನ್ನಿ, ಮತ್ತೆ ಅಷ್ಟೇ ದೂರ ಸರಿಸಿ. ಎರಡು ಮೂರು ನಿಮಿಷ ಹೀಗೆಯೇ ಮಾಡುತ್ತಿದ್ದರೆ ಅನೇಕರಿಗೆ ಅಂಗೈ ಬೆಚ್ಚಗಾಗುತ್ತದೆ, ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ, ಕೈಗಳ ನಡುವೆ ಕಾಣದ ಚೆಂಡೊಂದು ಸಿಕ್ಕಿಕೊಂಡ ಹಾಗೆ ಮೆತ್ತನೆಯ ತಡೆ ಸಿಗುತ್ತದೆ. ಉಸಿರು, ಚಲನೆ, ಗಮನಗಳನ್ನು ಕೂಡಿಸುವ ಚೀನಾದ ಅಭ್ಯಾಸವಾದ ಚೀಗಾಂಗ್ ಕಲಿಸುವವರ ಆರಂಭದ ಪಾಠಗಳಲ್ಲಿ ಇದೂ ಒಂದು. ‘ಇದೇ ಚೀ, ದೇಹದೊಳಗೆ ಹರಿಯುವ ಶಕ್ತಿ’ ಎನ್ನುತ್ತಾರೆ ಗುರುಗಳು. ಅಲ್ಲವೆನ್ನುವುದು ಆ ಕ್ಷಣದಲ್ಲಿ ಕಷ್ಟ. ಓದಿದ್ದನ್ನು ಅನುಮಾನಿಸಬಹುದು, ಕೇಳಿದ್ದನ್ನು ಅನುಮಾನಿಸಬಹುದು. ಸ್ವಂತ ಕೈಯನ್ನು ಅನುಮಾನಿಸುವುದು ಹೇಗೆ?

ಕೈಯನ್ನು ಅನುಮಾನಿಸಬೇಕಾಗಿಯೂ ಇಲ್ಲ. ಬಿಸಿ ನಿಜ. ಆದರೆ ಆ ಬಿಸಿ ಯಾವುದಕ್ಕೆ ಸಾಕ್ಷಿ ಎಂಬುದು ಬೇರೆಯೇ ಪ್ರಶ್ನೆ. ದೇಹದೊಳಗಿನ ಶಕ್ತಿಯನ್ನು ಹರಿಸಿ ಕಾಯಿಲೆ ವಾಸಿ ಮಾಡಿಕೊಳ್ಳಬಹುದು ಎಂಬ ಮಾತನ್ನು ಒರೆಗೆ ಹಚ್ಚುವಾಗ, ನಂಬುವವರೂ ಜರೆಯುವವರೂ ಎಡವುವುದು ಈ ಎರಡನ್ನು ಒಂದು ಮಾಡಿಕೊಂಡಾಗಲೇ.

ಮೊದಲು ಬಿಸಿಯ ಲೆಕ್ಕ. ಅಂಗೈ ಮತ್ತು ಬೆರಳುಗಳ ಚರ್ಮದಡಿ ಅಪಧಮನಿಗಳನ್ನೂ ಅಭಿಧಮನಿಗಳನ್ನೂ ನೇರವಾಗಿ ಬೆಸೆಯುವ ಪುಟ್ಟ ಅಡ್ಡದಾರಿಗಳಿವೆ. ದೇಹ ತನ್ನ ಹೆಚ್ಚುವರಿ ಶಾಖವನ್ನು ಹೊರಬಿಡುವ ಕಿಟಕಿಗಳಿವು. ಭಯವೋ ಗಡಿಬಿಡಿಯೋ ಇದ್ದಾಗ ದೇಹವನ್ನು ಅಪಾಯಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಈ ದಾರಿಗಳನ್ನು ಬಿಗಿಯುತ್ತವೆ. ಪರೀಕ್ಷೆಗೆ ಕುಳಿತ ಹುಡುಗನ ಕೈ ತಣ್ಣಗಿರುವುದು ಅದಕ್ಕೇ. ಮೈ ಸಡಿಲಗೊಂಡು ಉಸಿರು ನಿಧಾನವಾದಾಗ ಬಿಗಿತ ಬಿಡುತ್ತದೆ, ರಕ್ತ ನುಗ್ಗುತ್ತದೆ, ಕೈ ಬೆಚ್ಚಗಾಗುತ್ತದೆ. ಜರ್ಮನಿಯ ಮನೋವೈದ್ಯ ಯೋಹಾನೆಸ್ ಹೈನ್‌ರಿಷ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ‘ಆಟೋಜೆನಿಕ್ ತರಬೇತಿ’ಯಲ್ಲಿ ‘ನನ್ನ ಕೈ ಭಾರವಾಗಿದೆ, ನನ್ನ ಕೈ ಬೆಚ್ಚಗಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕೂರುವುದೇ ಅಭ್ಯಾಸ. ಅಲ್ಲಿ ಚೀ ಎಂಬ ಹೆಸರೇ ಇಲ್ಲ, ಕೈ ಮಾತ್ರ ಬೆಚ್ಚಗಾಗುತ್ತದೆ.

ಜುಮ್ಮೆನ್ನುವುದರ ಕಥೆ ಇನ್ನೂ ಸರಳ. ಚರ್ಮ ಸದಾ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ, ಮಿದುಳು ಬಹುಪಾಲನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ತೊಟ್ಟ ಬಟ್ಟೆ ಬೆನ್ನಿಗೆ ತಾಗುತ್ತಿದೆ ಎಂಬುದು ಈ ಸಾಲು ಓದುವವರೆಗೆ ನಿಮಗೆ ನೆನಪಿರಲಿಲ್ಲ. ಗಮನವನ್ನೆಲ್ಲ ಬೆರಳ ತುದಿಗೆ ತಂದಿಟ್ಟರೆ ಅಲ್ಲಿ ಮೊದಲಿನಿಂದಲೂ ಇದ್ದ ಪಿಸುಮಾತು ಕೇಳಿಸತೊಡಗುತ್ತದೆ.

ಹಾಗಾದರೆ ಒಬ್ಬರ ಕೈಯ ‘ಶಕ್ತಿ’ ಇನ್ನೊಬ್ಬರ ಕೈಗೆ ತಿಳಿಯುತ್ತದೆ ಎನ್ನುತ್ತಾರಲ್ಲ? ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಇದನ್ನೇ ಪರೀಕ್ಷೆಗಿಟ್ಟಳು. ಅವಳೆದುರು ಕುಳಿತವರು ಚೀಗಾಂಗ್‌ನವರಲ್ಲ, ಮುಟ್ಟದೆಯೇ ರೋಗಿಯ ಶಕ್ತಿವಲಯವನ್ನು ಕೈಯಿಂದ ಅರಿಯುತ್ತೇವೆನ್ನುವ ‘ಥೆರಪ್ಯೂಟಿಕ್ ಟಚ್’ ಪದ್ಧತಿಯವರು, 21 ಮಂದಿ. ಅಡ್ಡಲಾಗಿ ಪರದೆಯಂಥ ಹಲಗೆ. ಅದರಡಿಯ ತೂತುಗಳಿಂದ ಅವರು ಎರಡೂ ಕೈ ಚಾಚಬೇಕು. ಹುಡುಗಿ ನಾಣ್ಯ ಚಿಮ್ಮಿ, ಅದು ಹೇಳಿದಂತೆ ಎಡಗೈಯ ಮೇಲೋ ಬಲಗೈಯ ಮೇಲೋ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹೇಳಿ? 280 ಸಲದಲ್ಲಿ ಸರಿಯಾದದ್ದು 123, ಶೇಕಡಾ 44. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧ ಸರಿಹೋಗುತ್ತಿತ್ತು. ಈ ಪ್ರಯೋಗ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಭಾಗವಹಿಸಿದವರು ಮೋಸಗಾರರಾಗಿರಲಿಲ್ಲ ಎಂಬುದೇ ನನಗೆ ಇದರಲ್ಲಿ ಮುಖ್ಯವೆನಿಸುವ ಸಂಗತಿ. ಅವರ ಅಂಗೈಗೆ ಏನೋ ಅನಿಸಿದ್ದು ದಿಟ. ಅನಿಸಿದ್ದಕ್ಕೂ ಎದುರಿನ ಕೈಗೂ ಸಂಬಂಧವಿರಲಿಲ್ಲ, ಅಷ್ಟೇ.

ಚೀ ಎಂಬ ಚೀನೀ ಮಾತಿಗೆ ಗಾಳಿ, ಆವಿ, ಉಸಿರು, ಜೀವಬಲ ಎಂದೆಲ್ಲ ಅರ್ಥ. ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ‘ಉಸಿರಿರುವವರೆಗೆ’ ಎಂದರೆ ನಮಗೂ ಬದುಕಿರುವವರೆಗೆ ಎಂದೇ. ಗಾಂಗ್ ಎಂದರೆ ದುಡಿಮೆ, ಸಾಧನೆ. (ನಿಧಾನ ಚಲನೆಗಳ ಚೀನೀ ವ್ಯಾಯಾಮ ತಾಯ್ ಚಿಯಲ್ಲಿರುವ ಚಿ ಬೇರೆ ಪದ, ಅದಕ್ಕೂ ಉಸಿರಿಗೂ ನಂಟಿಲ್ಲ.) ಅಭ್ಯಾಸ ಮಾತ್ರ ನಿಜಕ್ಕೂ ಹಳೆಯದು. ಹುನಾನ್ ಪ್ರಾಂತ್ಯದ ಚಾಂಗ್ಶಾ ಬಳಿಯ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟ ಸಿಕ್ಕಿತು. ಅದರಲ್ಲಿ 44 ಮಂದಿ ಗಂಡಸರು, ಹೆಂಗಸರು ಕೈಚಾಚಿ, ಬಾಗಿ, ಮೈಮುರಿದು ನಿಂತಿದ್ದಾರೆ. ಕೆಲವು ಭಂಗಿಗಳ ಪಕ್ಕದಲ್ಲಿ ಕಾಯಿಲೆಯ ಹೆಸರೂ ಇದೆ. ಮಂಡಿನೋವಿಗೆ ಒಂದು, ಕಿವುಡಿಗೆ ಇನ್ನೊಂದು. ಮಂಡಿನೋವಿಗೆ ಮಂಡಿಯನ್ನು ಆಡಿಸಬೇಕು ಎಂಬ ಸಲಹೆ ಎರಡು ಸಾವಿರ ವರ್ಷ ಬಾಳಿದೆ. ಕಿವುಡಿನದರ ಬಗ್ಗೆ ಹಾಗೆ ಹೇಳಲಾರೆ.

ಆದರೆ ‘ಚೀಗಾಂಗ್’ ಎಂಬ ಚಿಕಿತ್ಸೆಯ ಹೆಸರಿಗೆ ಇನ್ನೂ ನೂರು ತುಂಬಿಲ್ಲ. 1940ರ ದಶಕದಲ್ಲಿ ಹೆಬೇ ಪ್ರಾಂತ್ಯದ ಕಮ್ಯುನಿಸ್ಟ್ ಕಾರ್ಯಕರ್ತ ಲಿಯು ಗುಯ್‌ಜೆನ್ ಜಠರದ ಹುಣ್ಣಿನಿಂದ ಬಳಲಿ ಊರಿಗೆ ಮರಳಿದರು. ಅಲ್ಲಿನ ಹಿರಿಯರೊಬ್ಬರು ಗುರುಪರಂಪರೆಯಲ್ಲಿ ಬಂದ ವಿದ್ಯೆಯೊಂದನ್ನು ಹೇಳಿಕೊಟ್ಟರು. ಚಿಕ್ಕ ವಾಕ್ಯವೊಂದನ್ನು ಮನಸ್ಸಿನಲ್ಲೇ ನುಡಿಯುತ್ತ, ಗಮನವನ್ನು ಹೊಕ್ಕುಳ ಕೆಳಗಿನ ‘ದಾನ್‌ತ್ಯೆನ್’ ಎಂಬ ತಾಣದಲ್ಲಿ ನಿಲ್ಲಿಸಿ ಉಸಿರಾಡುವ ವಿದ್ಯೆ. ಕೆಲವು ತಿಂಗಳಲ್ಲಿ ಲಿಯು ಗುಣಮುಖರಾದರು. ಪಕ್ಷ ಇದನ್ನು ಕೈಗೆತ್ತಿಕೊಂಡು, ಧಾರ್ಮಿಕವೆನಿಸಿದ್ದನ್ನೆಲ್ಲ ಕಳಚಿ, 1949ರಲ್ಲಿ ಚೀಗಾಂಗ್ ಎಂಬ ಹೆಸರಿಟ್ಟಿತು. ವೈದ್ಯರೂ ಔಷಧವೂ ಸಾಲದ ದೇಶಕ್ಕೆ ಖರ್ಚಿಲ್ಲದ ಚಿಕಿತ್ಸೆ ಬೇಕಿತ್ತು. 1950ರ ದಶಕದಲ್ಲಿ ತಾಂಗ್‌ಶಾನ್ ಮತ್ತು ಬೇಯ್‌ದಾಯ್‌ಹೆಯಲ್ಲಿ ಚೀಗಾಂಗ್ ಆರೋಗ್ಯಧಾಮಗಳೇ ಎದ್ದವು.

ಲಿಯು ಅವರ ಹುಣ್ಣು ಮಾಯಲಿಲ್ಲ ಎನ್ನಲು ನನ್ನಲ್ಲಿ ಕಾರಣವಿಲ್ಲ. ಜಠರದ ಹುಣ್ಣಿನ ಸ್ವಭಾವವೇ ಹಾಗೆ: ಕೆರಳುತ್ತದೆ, ತಾನಾಗಿ ಮಾಯುತ್ತದೆ, ಮತ್ತೆ ಕೆರಳುತ್ತದೆ. ಅದಕ್ಕೆ ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದ್ದು 1980ರ ದಶಕದಲ್ಲಿ. ಜೊತೆಗೆ ಲಿಯು ಕೆಲಸ ಬಿಟ್ಟು ವಿಶ್ರಾಂತಿಯಲ್ಲಿದ್ದರು. ಕಾಗೆ ಕೂತಿತು, ಕೊಂಬೆಯೂ ಮುರಿಯಿತು. ಕಾಗೆಯ ಭಾರಕ್ಕೇ ಮುರಿಯಿತೇ ಎಂದು ತಿಳಿಯಬೇಕಾದರೆ ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಒಬ್ಬರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಆ ಎಣಿಕೆಯನ್ನು ಅದು ಮಾಡಿಕೊಡಲಾರದು.

ಹಾಗೆಂದು ಕಾಗೆಗೆ ಭಾರವೇ ಇಲ್ಲವೆಂದಲ್ಲ. ಉಸಿರನ್ನು ನಿಧಾನಗೊಳಿಸಿದರೆ ದೇಹದಲ್ಲಿ ಆಗುವುದು ಸಣ್ಣ ಸಂಗತಿಯಲ್ಲ. ಉಸಿರು ಒಳಗೆಳೆದಾಗ ಹೃದಯ ತುಸು ವೇಗವಾಗಿಯೂ ಬಿಟ್ಟಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಕೂತರೆ ಎಷ್ಟೋ ಮಂದಿಗೆ ಇದು ಗೊತ್ತಾಗುತ್ತದೆ. ವೇಗಸ್ ಎಂಬ ಉದ್ದನೆಯ ನರ ಹೃದಯದ ಕಡಿವಾಣವನ್ನು ಎಳೆದು ಸಡಿಲಿಸುತ್ತಿರುವುದರ ಗುರುತಿದು. ಇನ್ನೊಂದೆಡೆ, ಕುತ್ತಿಗೆಯ ಅಪಧಮನಿಯ ಗೋಡೆಯಲ್ಲಿ ರಕ್ತದೊತ್ತಡವನ್ನು ಕಾಯುವ ನರತುದಿಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಿಸಲು ಹೇಳುತ್ತವೆ, ಇಳಿದರೆ ಚುರುಕಾಗಲು. ಈ ಏರಿಳಿತಕ್ಕೆ ತನ್ನದೇ ಒಂದು ತಾಳವಿದೆ, ಸುಮಾರು ಹತ್ತು ಸೆಕೆಂಡಿಗೊಂದು ಸುತ್ತು. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವುದರಿಂದ ಎರಡು ತಾಳಗಳೂ ಬೇರೆಬೇರೆ ಓಡುತ್ತಿರುತ್ತವೆ. ಉಸಿರು ನಿಮಿಷಕ್ಕೆ ಆರಕ್ಕೆ ಇಳಿದಾಗ ಎರಡೂ ಒಂದಾಗುತ್ತವೆ. ತೂಗುತ್ತಿರುವ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ, ಸಣ್ಣ ತಳ್ಳಿಗೆ ದೊಡ್ಡ ತೂಗಾಟ.

ಇಟಲಿಯ ಲೂಚಾನೋ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪ್ರಬಂಧ ಇದನ್ನೇ ಸೊಗಸಾಗಿ ತೋರಿಸಿತು. 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಮೇರಿ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು, ಹೃದಯ ಮತ್ತು ರಕ್ತದೊತ್ತಡದ ತಾಳಗಳು ಕೂಡಿಕೊಂಡವು. ಎರಡು ಧರ್ಮ, ಎರಡು ಭಾಷೆ, ಉಸಿರಿನ ಲೆಕ್ಕ ಒಂದೇ. ಲಿಯು ಮನಸ್ಸಿನಲ್ಲಿ ನುಡಿಯುತ್ತಿದ್ದ ಚಿಕ್ಕ ವಾಕ್ಯವೂ ಉಸಿರಿಗೆ ಕಟ್ಟಿದ ಲಗಾಮೇ ಆಗಿರಬೇಕು ಎಂಬುದು ನನ್ನ ಊಹೆ.

ಚೀಗಾಂಗ್ ಇಷ್ಟರಲ್ಲೇ ನಿಂತಿದ್ದರೆ ಅದರ ಮೇಲೆ ಇಷ್ಟು ಜಗಳ ಇರುತ್ತಿರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹತ್ತಿಕ್ಕಲ್ಪಟ್ಟಿದ್ದ ಅದು 1980ರ ದಶಕದಲ್ಲಿ ಚೀನಾದಲ್ಲಿ ಜ್ವರದಂತೆ ಏರಿತು. ಗುರುಗಳು ಕೈಯಿಂದ ‘ಬಾಹ್ಯ ಚೀ’ ಹೊರಡಿಸಿ ಇನ್ನೊಬ್ಬರ ರೋಗ ತೆಗೆಯುತ್ತೇವೆಂದರು. ಕ್ರೀಡಾಂಗಣಗಳು ತುಂಬಿದವು. ಚೀನಾದ ಕ್ಷಿಪಣಿ ಯೋಜನೆಯನ್ನು ಕಟ್ಟಿದ ಚಿಯಾನ್ ಶ್ವೆಸೆನ್‌ರಂಥ ವಿಜ್ಞಾನಿಯೇ ಬೆನ್ನಿಗೆ ನಿಂತರು. ರಾಕೆಟ್ಟಿನ ವಿಷಯದಲ್ಲಿ ತೂಕದ ಮನುಷ್ಯ ಉಳಿದೆಲ್ಲದರಲ್ಲೂ ತೂಕದವನೇ ಎಂದುಕೊಳ್ಳುವುದು ಎಲ್ಲ ದೇಶಗಳಲ್ಲೂ ಇರುವ ಹಳೆಯ ಕಾಯಿಲೆ. 1988ರಲ್ಲಿ ಅಮೆರಿಕದಿಂದ ಬಂದ ಸಂದೇಹವಾದಿಗಳ ತಂಡವೊಂದು ಗುರುವನ್ನು ಒಂದು ಕೋಣೆಯಲ್ಲೂ ರೋಗಿಯನ್ನು ಇನ್ನೊಂದರಲ್ಲೂ ಇರಿಸಿತು. ಗುರು ಚೀ ಕಳಿಸುವಾಗ ರೋಗಿಯ ಮೈ ಅದುರುತ್ತದೆ ಎಂಬುದು ಅವರ ಹೇಳಿಕೆ. ಮೈ ಅದುರಿತು ನಿಜ. ಗುರು ಕಳಿಸುತ್ತಿದ್ದಾಗಲೂ, ಸುಮ್ಮನೆ ಕುಳಿತಿದ್ದಾಗಲೂ.

ಇನ್ನು ಕಾಯಿಲೆಯ ಮಾತು. ಚೀಗಾಂಗ್‌ನ ಹತ್ತಿರದ ನೆಂಟ ತಾಯ್ ಚಿಯ ಮೇಲೆ ಒಳ್ಳೆಯ ಪ್ರಯೋಗಗಳು ನಡೆದಿವೆ. ಮಿದುಳಿನ ಕೋಶಗಳು ಸಾಯುತ್ತ ಹೋಗಿ ಚಲನೆ, ಸಮತೋಲ ಕೆಡುವ ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಸಲದಂತೆ 24 ವಾರ ತಾಯ್ ಚಿ, ತೂಕದ ವ್ಯಾಯಾಮ ಮತ್ತು ಮೈಚಾಚುವ ವ್ಯಾಯಾಮ ಮಾಡಿಸಿದ ಅಧ್ಯಯನ 2012ರಲ್ಲಿ ಹೊರಬಂತು. ನಿಲುವಿನ ಸಮತೋಲದಲ್ಲಿ ತಾಯ್ ಚಿಯವರು ಉಳಿದೆರಡು ಗುಂಪಿಗಿಂತ ಮುಂದಿದ್ದರು, ಮೈಚಾಚುವ ಗುಂಪಿನವರಿಗಿಂತ ಕಡಿಮೆ ಬಿದ್ದರು. ಬೀಳದಿರುವುದು ಪಾರ್ಕಿನ್ಸನ್ ರೋಗಿಗೆ ಮಾತ್ರೆಯಷ್ಟೇ ಬೆಲೆಬಾಳುವ ವಿಷಯ. ಆದರೆ ಸಾಯುತ್ತಿರುವ ಮಿದುಳಿನ ಕೋಶಗಳು ಮರಳಿ ಹುಟ್ಟಿದವೆಂದು ಆ ಸಂಶೋಧಕರು ಎಲ್ಲಿಯೂ ಹೇಳಲಿಲ್ಲ.

ಅನಿಸುವುದಕ್ಕೂ ಆಗುವುದಕ್ಕೂ ಇರುವ ದೂರವನ್ನು ಅಳೆದ ಇನ್ನೊಂದು ಪ್ರಯೋಗವಿದೆ. 2011ರಲ್ಲಿ ಪ್ರಕಟವಾದ ಅದರಲ್ಲಿ ಅಸ್ತಮಾ ರೋಗಿಗಳಿಗೆ ಒಮ್ಮೆ ನಿಜವಾದ ಇನ್‌ಹೇಲರ್, ಒಮ್ಮೆ ಔಷಧವಿಲ್ಲದ ಇನ್‌ಹೇಲರ್, ಒಮ್ಮೆ ಸೂಜಿ ಚುಚ್ಚಿದಂತೆ ನಟಿಸುವ ಹುಸಿ ಅಕ್ಯುಪಂಕ್ಚರ್ ಕೊಟ್ಟರು, ಇನ್ನೊಮ್ಮೆ ಏನನ್ನೂ ಕೊಡಲಿಲ್ಲ. ಎಷ್ಟು ಹಗುರವಾಯಿತು ಎಂದು ಕೇಳಿದಾಗ ಮೊದಲ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ: ಶೇಕಡಾ 50, 45, 46. ಏನೂ ಕೊಡದಾಗ 21. ಶ್ವಾಸಕೋಶದ ಬಲವನ್ನು ಯಂತ್ರದಿಂದ ಅಳೆದಾಗ ನಿಜವಾದ ಔಷಧಕ್ಕೆ ಶೇಕಡಾ 20ರಷ್ಟು ಏರಿಕೆ, ಉಳಿದ ಮೂರಕ್ಕೂ ಏಳರ ಆಸುಪಾಸು. ಹುಸಿ ಚಿಕಿತ್ಸೆ ಪಡೆದವರು ಸುಳ್ಳು ಹೇಳಲಿಲ್ಲ. ಅವರಿಗೆ ಹಗುರವಾಗಿತ್ತು, ಶ್ವಾಸನಾಳ ಮಾತ್ರ ತೆರೆದಿರಲಿಲ್ಲ. ಬೆನ್ನುನೋವು, ನಿದ್ದೆಗೇಡು, ಆತಂಕದಂಥ ತೊಂದರೆಗಳಲ್ಲಿ ಹಗುರವಾಗುವುದೇ ಬಹುಪಾಲು ಗುಣವಾಗುವುದು. ಅಸ್ತಮಾದಲ್ಲಿ ಅದನ್ನು ನಂಬಿ ಕೂತರೆ ಜೀವಕ್ಕೇ ಕುತ್ತು.

ಕ್ಯಾನ್ಸರಿನಲ್ಲಿ ಇನ್ನೂ ಹೆಚ್ಚು. ಕ್ಯಾನ್ಸರ್ ರೋಗಿಗಳಿಗೆ ನಡಿಗೆಯ ಚೀಗಾಂಗ್ ಕಲಿಸಿ ಬೀಜಿಂಗ್‌ನ ಉದ್ಯಾನಗಳಲ್ಲಿ ಹೆಸರಾದ ಕಲಾವಿದೆ ಗುವೊ ಲಿನ್ ಅವರ ಕಥೆಯನ್ನು ಹೇಳುವವರು ಹಲವರು. ಸ್ವತಃ ಕ್ಯಾನ್ಸರ್ ಬಂದಿದ್ದ ಆಕೆ ಹಲವು ಶಸ್ತ್ರಚಿಕಿತ್ಸೆಗಳನ್ನೂ ಮಾಡಿಸಿಕೊಂಡಿದ್ದರು ಎಂಬುದು ಆ ಕಥೆಯಲ್ಲಿ ಬೇಗ ಮರೆತುಹೋಗುತ್ತದೆ. ವಾಸಿಯಾಗಬಲ್ಲ ಕ್ಯಾನ್ಸರಿಗೆ ವೈದ್ಯಕೀಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಪದ್ಧತಿಗಳನ್ನು ಆರಿಸಿಕೊಂಡ ಅಮೆರಿಕದ 281 ರೋಗಿಗಳನ್ನು ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಅವರ ಸಾವಿನ ಅಪಾಯ ಮಾಮೂಲಿ ಚಿಕಿತ್ಸೆಯವರಿಗಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು.

ಅಭ್ಯಾಸ ಹದ ಮೀರಿದರೆ ಮನಸ್ಸು ಕದಡಬಹುದು ಎಂಬ ಎಚ್ಚರಿಕೆ ಚೀಗಾಂಗ್‌ನವರಲ್ಲೇ ಹಿಂದಿನಿಂದ ಇದೆ. ‘ಬೆಂಕಿ ದಾರಿತಪ್ಪಿತು, ದೆವ್ವ ಹೊಕ್ಕಿತು’ ಎಂಬರ್ಥದ ನುಡಿಗಟ್ಟೇ ಅವರಲ್ಲಿದೆ. ಅಮೆರಿಕದ ಮನೋವೈದ್ಯರ 1994ರ ಕೈಪಿಡಿಯೂ ಚೀಗಾಂಗ್‌ನಿಂದ ಬರುವ ಚಿತ್ತವಿಭ್ರಮೆಯನ್ನು ಹೆಸರಿಸಿ ದಾಖಲಿಸಿತು. ಹಿಂದೆ ಚಿತ್ತವಿಭ್ರಮೆ ಬಂದಿದ್ದವರು ವೈದ್ಯರನ್ನು ಕೇಳದೆ ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರಬಾರದು.

ಉಳಿದವರಿಗೆ ಇನ್ನೊಂದು ಸಣ್ಣ ವಿಷಯ. ಜುಮ್ಮೆನ್ನುವುದರಲ್ಲಿ ಎರಡು ಬಗೆ. ಗಮನವಿಟ್ಟಾಗ ಕೇಳಿಸುವ ಪಿಸುಮಾತು ಒಂದು. ಇನ್ನೊಂದು, ಹುರುಪಿನಲ್ಲಿ ಆಳವಾಗಿ, ಬೇಗಬೇಗ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ನರಗಳು ಕೆರಳಿ, ಬೆರಳೂ ತುಟಿಯೂ ಚುರುಗುಟ್ಟಿ ತಲೆ ಹಗುರಾಗುವುದು. ಶಕ್ತಿ ಏರುತ್ತಿದೆ ಎಂದು ಹಿಗ್ಗುವವರು ಬಹುಮಟ್ಟಿಗೆ ಈ ಎರಡನೆಯದನ್ನು ಕಂಡಿರುತ್ತಾರೆ. ತುಟಿ ಚುರುಗುಟ್ಟಿದರೆ ಕೈ ಇಳಿಸಿ, ಕಣ್ಣು ತೆರೆದು, ಎರಡು ನಿಮಿಷ ಎಂದಿನಂತೆ ಉಸಿರಾಡಿಕೊಂಡು ಕುಳಿತಿರಿ.