ಚರ್ಚಿನ ಚಾವಣಿಯಲ್ಲೊಂದು ತೂತು

ಪಕ್ಕದ ಮನೆಯ ಆಂಟಿ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ. "ಕ್ರಿಸ್‌ಮಸ್ ಅಂದ್ರೆ ಡಿಸೆಂಬರ್ 25, ಅದು ಸರಿ. ಈಸ್ಟರ್ ಯಾಕೆ ಒಂದು ವರ್ಷ ಮಾರ್ಚಿಗೆ, ಇನ್ನೊಂದು ವರ್ಷ ಏಪ್ರಿಲಿಗೆ ಓಡಾಡುತ್ತೆ?" ಅವರ ಮನೆಯಲ್ಲಿ ಮೊಳೆಗೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗ ಇದೆ, ನಮ್ಮ ಮನೆಯಲ್ಲಿ ಚರ್ಚಿನಲ್ಲಿ ಕೊಟ್ಟ ಕ್ಯಾಲೆಂಡರ್. ನಾನು ಹೇಳುವ ಉತ್ತರ ಅವರಿಗೆ ಥಟ್ಟನೆ ಅರ್ಥವಾಗುತ್ತದೆ, ಯಾಕೆಂದರೆ ಅದೂ ಪಂಚಾಂಗದ ಉತ್ತರವೇ. ಹಗಲು ರಾತ್ರಿ ಸಮ ಆಗುವ ದಿನ ಅಂತ ಚರ್ಚು ಹಿಡಿದಿರುವ ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು. ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಸೂರ್ಯ, ಚಂದ್ರ, ವಾರ ಮೂರೂ ಕೂಡಿ ಬರಬೇಕು. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದರೂ ಬೀಳಬಹುದು.

ಕ್ರೈಸ್ತ ಧರ್ಮಕ್ಕೂ ವಿಜ್ಞಾನಕ್ಕೂ ಹುಟ್ಟಾ ಜಗಳ ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಹಬ್ಬದ ಲೆಕ್ಕ ನೆನಪಾಗುತ್ತದೆ. ನಾನು ಭಾನುವಾರ ತಪ್ಪದೆ ಪೂಜೆಗೆ ಹೋಗುವವನು. ವಿಜ್ಞಾನವೂ ನನಗೆ ಅಷ್ಟೇ ಇಷ್ಟ. ಇವೆರಡರಲ್ಲಿ ಒಂದನ್ನು ಬಿಡು ಅಂತ ಎರಡೂ ಕಡೆಯವರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಾಲ್ಕು ಶತಮಾನಗಳ ಹಿಂದೆ ನಿಜವಾಗಿ ಏನಾಯಿತು ಅಂತ ಓದಿದರೆ ಕಥೆ ಬೇರೆಯೇ ಇದೆ.

ಮೊದಲು ಕ್ಯಾಲೆಂಡರಿನ ವಿಷಯ. ಹಳೆಯ ರೋಮನ್ ಲೆಕ್ಕದಲ್ಲಿ ವರ್ಷಕ್ಕೆ 365 ದಿನ 6 ಗಂಟೆ. ಋತುಗಳು ಒಂದು ಸುತ್ತು ಮುಗಿಸುವುದಕ್ಕೆ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ ಸಾಕು. ಹನ್ನೊಂದು ನಿಮಿಷ ತಾನೇ ಅಂತ ಬಿಟ್ಟರೆ 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಹದಿನಾರನೇ ಶತಮಾನದ ಹೊತ್ತಿಗೆ ಹಗಲು ರಾತ್ರಿ ಸಮ ಆಗುವ ದಿನ ಮಾರ್ಚ್ 21ರಿಂದ 11ಕ್ಕೆ ಸರಿದುಬಿಟ್ಟಿತ್ತು. ಪಾಸ್ಖ ಹಬ್ಬವನ್ನು, ಅಂದರೆ ಈಸ್ಟರನ್ನು, ತಪ್ಪು ದಿನ ಮಾಡುತ್ತಿದ್ದೇವೆ ಅಂದರೆ ಚರ್ಚಿಗೆ ಅದು ಸಣ್ಣ ವಿಷಯ ಅಲ್ಲ. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಹತ್ತು ದಿನ ಕಿತ್ತುಹಾಕಿಸಿದರು. ಅಕ್ಟೋಬರ್ 4 ಆದ ಮಾರನೇ ದಿನ ಅಕ್ಟೋಬರ್ 15 ಬಂತು. ಆ ಸುಧಾರಣೆಗೆ ದುಡಿದವರಲ್ಲಿ ಒಬ್ಬರು ಕ್ರಿಸ್ಟೋಫರ್ ಕ್ಲಾವಿಯಸ್, ಯೇಸುಸಭೆಯ ಪಾದ್ರಿ, ಗಣಿತ ಮೇಷ್ಟ್ರು. ಇವತ್ತು ನಮ್ಮ ಫೋನಿನಲ್ಲಿರುವುದು ಅದೇ ಕ್ಯಾಲೆಂಡರ್.

ಇಂಥ ಜಾರಾಟ ನಮ್ಮ ಕಡೆಯೂ ಇದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳು ಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ. ನಮ್ಮ ಸಂಕ್ರಾಂತಿಯ ವರ್ಷ ನಕ್ಷತ್ರಗಳನ್ನು ನೋಡಿ ಅಳೆದದ್ದು, ಅದು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಆಂಟಿಗೆ ಇದನ್ನು ಹೇಳಿದ ದಿನ ಅವರು ಪಂಚಾಂಗ ಕೈಗೆ ತಗೊಂಡು ಅರ್ಧ ಗಂಟೆ ನನ್ನ ಜೊತೆ ಲೆಕ್ಕ ಹಾಕಿದರು.

ಕ್ಯಾಲೆಂಡರ್ ಸರಿ ಮಾಡಿದರೆ ಮುಗಿಯಲಿಲ್ಲ. ಅದು ಸರಿಯಾಗಿದೆಯಾ ಅಂತ ಸೂರ್ಯನನ್ನೇ ಕೇಳಬೇಕು. ಅದಕ್ಕೆ ಕತ್ತಲೆಯ ದೊಡ್ಡ ಕಟ್ಟಡ ಬೇಕು, ಎತ್ತರದಲ್ಲಿ ಒಂದು ಸಣ್ಣ ತೂತು ಬೇಕು, ಕೆಳಗೆ ಮಟ್ಟಸವಾದ ನೆಲ ಬೇಕು. ಆ ಕಾಲದಲ್ಲಿ ಅಂಥ ಕಟ್ಟಡ ಯಾವುದು? ಚರ್ಚು!

ತೂತಿನ ಕೆಲಸ ನಾವೆಲ್ಲ ನೋಡಿದ್ದೇವೆ. ಬೆಂಗಳೂರಿನ ಯಾವುದೇ ಹೊಂಗೆ ಮರದ ಕೆಳಗೆ ಮಧ್ಯಾಹ್ನ ನಿಂತರೆ ನೆಲದ ಮೇಲೆ ದುಂಡಗಿನ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಎಲೆಗಳ ನಡುವಿನ ಸಂದು ಯಾವ ಆಕಾರದಲ್ಲಾದರೂ ಇರಲಿ, ಅದು ಸಣ್ಣದಾಗಿದ್ದರೆ ಚುಕ್ಕಿ ದುಂಡಗೇ ಇರುತ್ತದೆ. ಯಾಕೆಂದರೆ ಅದು ಸಂದಿನ ಆಕಾರ ಅಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮಾರನೇ ಬೆಳಿಗ್ಗೆ, ಗ್ರಹಣ ಹಿಡಿದಾಗ ಇದೇ ಚುಕ್ಕಿಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ತೂತಿನಿಂದ ನೆಲ ಒಂದು ಮೀಟರ್ ದೂರ ಇದ್ದರೆ ಚಿತ್ರ ಸುಮಾರು 9 ಮಿಲಿಮೀಟರ್ ಅಗಲ. ದೂರ ಜಾಸ್ತಿ ಆದಷ್ಟೂ ಚಿತ್ರ ದೊಡ್ಡದು, ಅಳೆಯುವುದು ಸುಲಭ. ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರನ ಮುಂದೆ ನಂದಿಯ ಕೊಂಬುಗಳ ನಡುವೆ ಹಾದು ಬರುವ ಬಿಸಿಲನ್ನು ನೋಡಲು ಗವಿಪುರದಲ್ಲಿ ಸಾಲು ನಿಂತವರಿಗೆ, ದೇವಸ್ಥಾನ ಮತ್ತು ಸೂರ್ಯನ ನಂಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

1655ರಲ್ಲಿ ಇಟಲಿಯ ಬೊಲೋನ್ಯ ನಗರದ ಸಾನ್ ಪೆತ್ರೋನಿಯೊ ಚರ್ಚಿನಲ್ಲಿ ಕ್ಯಾಸಿನಿ ಎಂಬ ಖಗೋಳ ವಿಜ್ಞಾನಿ ಇದನ್ನೇ ಮಾಡಿದರು. ಶನಿಗ್ರಹಕ್ಕೆ ಹೋದ ಕ್ಯಾಸಿನಿ ನೌಕೆಗೆ ಇಟ್ಟದ್ದು ಇವರದೇ ಹೆಸರು. ಸುಮಾರು 27 ಮೀಟರ್ ಎತ್ತರದಲ್ಲಿ ಒಂದು ತೂತು, ನೆಲದ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಸುಮಾರು 67 ಮೀಟರ್ ಉದ್ದದ ಗೆರೆ. ನಡುಹಗಲಿಗೆ ಸೂರ್ಯನ ಚಿತ್ರ ಆ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ತೂತಿನ ಹತ್ತಿರ, ಚಳಿಗಾಲದಲ್ಲಿ ದೂರದ ಕೊನೆಯಲ್ಲಿ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಮಾರ್ಚಿನ ಸಮಹಗಲಿನಿಂದ ಸೆಪ್ಟೆಂಬರಿನ ಸಮಹಗಲಿಗೆ ಸುಮಾರು 186 ದಿನ. ಅಲ್ಲಿಂದ ಮತ್ತೆ ಮಾರ್ಚಿಗೆ 179 ದಿನ. ಕ್ಯಾಲೆಂಡರ್ ತೆಗೆದು ಎಣಿಸಿ ನೋಡಬಹುದು. ಈ ಏಳು ದಿನದ ವ್ಯತ್ಯಾಸ ಯಾಕೆ? ಹಳಬರ ಉತ್ತರ ಹೀಗಿತ್ತು: ಸೂರ್ಯನ ವೇಗ ಯಾವಾಗಲೂ ಒಂದೇ, ಭೂಮಿ ಅದರ ದಾರಿಯ ನಡುಮಧ್ಯದಲ್ಲಿಲ್ಲ, ಅಷ್ಟೇ, ದೂರ ಇದ್ದಾಗ ನಿಧಾನ ಹೋದ ಹಾಗೆ ಕಾಣುತ್ತದೆ. ಜರ್ಮನಿಯ ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ್ದು ಬೇರೆ. ದೂರ ಇದ್ದಾಗ ವೇಗವೂ ನಿಜವಾಗಿ ಕಡಿಮೆಯಾಗುತ್ತದೆ, ಹಾಗಾಗಿ ಅರ್ಧ ವ್ಯತ್ಯಾಸ ವೇಗದಿಂದ, ಅರ್ಧ ದೂರದಿಂದ. ಇಬ್ಬರಲ್ಲಿ ಯಾರು ಸರಿ ಅಂತ ತಿಳಿಯಲು ಸೂರ್ಯನ ದೂರ ವರ್ಷದಲ್ಲಿ ಎಷ್ಟು ಬದಲಾಗುತ್ತದೆ ಅಂತ ನೋಡಿದರೆ ಸಾಕು. ಹಳಬರ ಲೆಕ್ಕಕ್ಕೆ ಹೆಚ್ಚು ಕಡಿಮೆ ನೂರಕ್ಕೆ 7 ಬದಲಾಗಬೇಕು, ಕೆಪ್ಲರ್ ಲೆಕ್ಕಕ್ಕೆ ಅದರ ಅರ್ಧ. ದೂರ ಬದಲಾದರೆ ಚಿತ್ರದ ಅಗಲವೂ ಅಷ್ಟೇ ಬದಲಾಗುತ್ತದೆ.

ಕ್ಯಾಸಿನಿ ಚರ್ಚಿನ ನೆಲದ ಮೇಲೆ ಅಳೆದರು. ಕೆಪ್ಲರ್ ಲೆಕ್ಕವೇ ಸರಿ ಬಂತು.

ಭೂಮಿ ಸುತ್ತುತ್ತದೆ ಅಂತ ಇದರಿಂದ ಸಾಬೀತಾಗಲಿಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಯಾವುದು ಯಾವುದನ್ನು ಸುತ್ತಿದರೂ ದೂರದ ಲೆಕ್ಕ ಒಂದೇ. ಆದರೆ ಹಳೆಯ ಸೂರ್ಯನ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಬೊಲೋನ್ಯ ಆಗ ಪೋಪರ ಆಳ್ವಿಕೆಯ ಊರು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂದ ಗೆಲಿಲಿಯೊಗೆ ಶಿಕ್ಷೆಯಾಗಿ 22 ವರ್ಷ ಕಳೆದಿತ್ತು, ಅವರ ಪುಸ್ತಕದ ಮೇಲೆ ನಿಷೇಧ ಹಾಗೇ ಇತ್ತು. ಅದೇ ಚರ್ಚು, ತನ್ನ ಹಬ್ಬದ ದಿನ ತಪ್ಪಬಾರದು ಅಂತ, ತನ್ನ ಚಾವಣಿಯನ್ನೇ ಸೂರ್ಯನಿಗೆ ಬಿಟ್ಟುಕೊಟ್ಟಿತ್ತು.

ಗೆಲಿಲಿಯೊ ವಿಷಯವನ್ನು ನಾನು ತೇಲಿಸಿ ಹೋಗುವುದಿಲ್ಲ. 1633ರಲ್ಲಿ 69 ವರ್ಷದ ಮುದುಕನನ್ನು ಮಂಡಿಯೂರಿಸಿ ತನ್ನ ಮಾತನ್ನು ತಾನೇ ಅಲ್ಲಗಳೆಯುವ ಹಾಗೆ ಮಾಡಿದರು. 1642ರಲ್ಲಿ ಸಾಯುವವರೆಗೂ ಗೃಹಬಂಧನ. ಪೋಪ್ ಎರಡನೇ ಜಾನ್ ಪಾಲ್ ತಪ್ಪನ್ನು ಒಪ್ಪಿಕೊಂಡು ಮಾತಾಡಿದ್ದು 1992ರಲ್ಲಿ. ಕ್ರೈಸ್ತನಾಗಿ ನನಗೆ ಇದು ನಾಚಿಕೆಯ ವಿಷಯ, ಇವತ್ತಿಗೂ. ಅಲ್ಲಿ ಆದ ತಪ್ಪು ನನಗೆ ಕಾಣುವುದು ಹೀಗೆ: ಅಳೆಯುವ ಮೊದಲೇ ಉತ್ತರ ಇದೇ ಇರಬೇಕು ಅಂತ ಅಪ್ಪಣೆ ಕೊಟ್ಟರು. ಬೊಲೋನ್ಯದಲ್ಲಿ ಉತ್ತರವನ್ನು ಸೂರ್ಯನಿಗೆ ಬಿಟ್ಟರು.

ಇದೇ ತಪ್ಪು ತಿರುಗುಮುರುಗಾಗಿಯೂ ಆಗಬಹುದು. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೆತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಅಂತ ಲೆಕ್ಕ ತೋರಿಸಿದವರು, 1931ರಲ್ಲಿ ಅದು ಒಂದು ಆದಿಮ ಅಣುವಿನಿಂದ ಶುರುವಾಗಿರಬಹುದು ಅಂದವರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್, ದೇವರ ಸೃಷ್ಟಿಗೆ ಇದೇ ಸಾಕ್ಷಿ ಎನ್ನುವ ಅರ್ಥದಲ್ಲಿ ಮಾತಾಡಿದರು. ಪಾದ್ರಿಗೆ ಖುಷಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ತನ್ನದು ಬರೀ ಭೌತವಿಜ್ಞಾನದ ಸಿದ್ಧಾಂತ, ಅದು ನಾಳೆ ತಪ್ಪೂ ಆಗಬಹುದು, ನಂಬಿಕೆಗೆ ಅದನ್ನು ಊರುಗೋಲು ಮಾಡಬಾರದು ಅನ್ನುವುದು ಅವರ ನಿಲುವು. ಪೋಪ್ ಮತ್ತೆ ಹಾಗೆ ಹೇಳದಂತೆ ನೋಡಿಕೊಳ್ಳಲು ಅವರು ಪ್ರಯತ್ನಪಟ್ಟರು. ಮರುವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ಎದುರು ಪೋಪ್ ಆ ಮಾತು ಎತ್ತಲಿಲ್ಲ. ನನಗೆ ಲೆಮೆತ್ರ್ ಮೇಲೆ ಇರುವ ಗೌರವ ಅವರ ಸಮೀಕರಣಗಳಿಗಿಂತ ಈ ಕಾರಣಕ್ಕೇ ಜಾಸ್ತಿ.

ನಮ್ಮ ಚರ್ಚಿನ ಪಕ್ಕದ ಹಾಲ್‌ಗೆ ತಗಡಿನ ಮಾಡು. ಸುಮಾರು ಐದು ಮೀಟರ್ ಎತ್ತರ. ಒಂದು ಮೊಳೆ ಕಿತ್ತುಬಂದು ತೂತಾಗಿತ್ತು. ಭಾನುವಾರ ಧರ್ಮೋಪದೇಶದ ಕ್ಲಾಸಿಗೆ ಬರುವ ಮಕ್ಕಳಿಗೆ ನಾನು ಬೊಲೋನ್ಯದ ಕಥೆ ಹೇಳಿದೆ. ಅವತ್ತಿನಿಂದ ಶುರು. ಪ್ರತಿ ಭಾನುವಾರ ನಡುಹಗಲಿಗೆ, ಅಂದರೆ ನಮ್ಮೂರಿನಲ್ಲಿ ಗಡಿಯಾರ ಹನ್ನೆರಡು ದಾಟಿ ಕಾಲು ಗಂಟೆ ಆದ ಮೇಲೆ, ಐದು ಸೆಂಟಿಮೀಟರ್ ಅಗಲದ ಆ ಚುಕ್ಕಿಗೆ ಸುತ್ತ ಸೀಮೆಸುಣ್ಣದ ಗುರುತು. ಡಿಸೆಂಬರ್ ಕೊನೆಯಲ್ಲಿ ಚುಕ್ಕಿ ತೂತಿನ ನೇರ ಕೆಳಗಿಂದ ಉತ್ತರಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ದೂರ ಹೋಗಿತ್ತು. ಆಮೇಲೆ ವಾರ ವಾರಕ್ಕೂ ಹತ್ತಿರ ಬಂತು. ಬೊಲೋನ್ಯದಲ್ಲಿ ಅದು ಯಾವತ್ತೂ ಉತ್ತರದಲ್ಲೇ ಇರುತ್ತದೆ, ತೂತಿನ ಕೆಳಕ್ಕೆ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಆಮೇಲೆ ಆಗಸ್ಟ್ 18ರವರೆಗೆ ಚುಕ್ಕಿ ದಕ್ಷಿಣದ ಕಡೆಗೆ ದಾಟಿರುತ್ತದೆ.

2022ರಲ್ಲಿ ಏಪ್ರಿಲ್ 24 ಭಾನುವಾರವೇ ಬಂತು, ಈಸ್ಟರ್ ಆಗಿ ಸರಿಯಾಗಿ ಒಂದು ವಾರಕ್ಕೆ. ಹಿಂದಿನ ವಾರವೇ ಮಕ್ಕಳು ತೂತಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಲ್ಲು ಮುಟ್ಟಿದ ಕಡೆ ನೆಲದ ಮೇಲೆ ಒಂದು ಸಣ್ಣ ಶಿಲುಬೆ ಬರೆದಿದ್ದರು. ಮಳೆ ಬರುವ ಮುಂಚೆ ತೂತು ಮುಚ್ಚಿಸಬೇಕು ಅಂತಿದ್ದ ಫಾದರ್ ಕೂಡ ಬಂದು ನಿಂತರು. ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ಚುಕ್ಕಿ ಶಿಲುಬೆಯ ಮೇಲೆ ಬಂತು. ಒಬ್ಬಳು ಹುಡುಗಿ ಕುಕ್ಕರಗಾಲಲ್ಲಿ ಕೂತು ಅದರ ಸುತ್ತ ಗೆರೆ ಎಳೆದು ತಾರೀಖು ಬರೆದಳು. ಬರೆದು ಮುಗಿಸುವಷ್ಟರಲ್ಲಿ ಚುಕ್ಕಿ ಗೆರೆಯಿಂದ ಆಚೆ ಸರಿದಿತ್ತು.